ಗಾಂಜಾ ಬಗ್ಗೆ ಮಕ್ಕಳಿಗೆ ಎಷ್ಟು ಹೇಳಬೇಕು? ಜೂನ್ 26ರೊಳಗೆ ಸಲಹೆ ಬೇಕು

ಪೊನ್ನಂಪೇಟೆ ಮೇಷ್ಟ್ರು:

ಪೊನ್ನಂಪೇಟೆ ಕಡೆಯ ಹೈಸ್ಕೂಲು ಮತ್ತು ಪಿಯು ಕಾಲೇಜು, ಪಕ್ಕದಲ್ಲೇ ಹಾಸ್ಟೆಲ್. ಜೂನ್ 26ರ ಮಾದಕ ವಸ್ತು ವಿರೋಧಿ ದಿನ ಅಂದರೆ ಜಾಥಾ, ಪ್ರತಿಜ್ಞೆ, ಒಂದು ಗಂಟೆ ಭಾಷಣ. ಜೋರು ಮಳೆಗೆ ರಜೆ ಕೊಟ್ಟರೆ ಅದೂ ಇಲ್ಲ. ಈ ಸಲ ಆಡಳಿತ ಮಂಡಳಿಯ ಮುಂದೆ ಮೂರು ಸಲಹೆ ಇವೆ: ಹೆದರಿಕೆ ಹುಟ್ಟಿಸುವ ವಿಡಿಯೊ, ಮೂತ್ರ ಪರೀಕ್ಷೆಯ ಕಿಟ್, ಸಿಕ್ಕಿಬಿದ್ದವರಿಗೆ ನೇರ ಟಿಸಿ.

ದೊಡ್ಡ ಮಕ್ಕಳ ವಾದ ಹೀಗಿದೆ: "ಸೊಪ್ಪು ಗಿಡದಿಂದ ಬರೋದು, ಕೆಮಿಕಲ್ ಅಲ್ಲ. ಕೆನಡಾದಲ್ಲಿ ಅಂಗಡೀಲೇ ಸಿಗುತ್ತೆ. ಹುತ್ತರಿಗೆ, ಮದುವೆಗೆ ಮನೇಲಿ ಬಾಟ್ಲಿ ಇಡ್ತಾರೆ, ಅದಕ್ಕಿಂತ ಇದು ವಾಸಿ." ಗದರಿಸಿ ಬಾಯಿ ಮುಚ್ಚಿಸದೆ ಉತ್ತರ ಕೊಡುವುದು ಹೇಗೆ? ಆ ಮೂರು ಸಲಹೆಗಳಲ್ಲಿ ಯಾವುದಕ್ಕೆ ಒಪ್ಪಬಹುದು?

ಮನೋವೈದ್ಯ, ಮಡಿಕೇರಿ:

ಮೇಷ್ಟ್ರೇ, ಮಕ್ಕಳ ಮಾತಿನಲ್ಲಿ ಅರ್ಧ ನಿಜ ಇದೆ. ಆ ಅರ್ಧವನ್ನು ಮೊದಲು ಒಪ್ಪಿಕೊಂಡರೆ ಉಳಿದದ್ದನ್ನು ಕೇಳಿಸಿಕೊಳ್ಳುತ್ತಾರೆ. ಗಾಂಜಾ ಒಂದರಿಂದಲೇ ಉಸಿರು ನಿಂತು ಸಾಯುವುದು ದೊಡ್ಡವರಲ್ಲಿ ತೀರಾ ಅಪರೂಪ. ಹೆಂಡದಿಂದ ಲಿವರ್ ಹಾಳಾದವರು ಯಾವ ವಾರ್ಡಿಗೆ ಹೋದರೂ ಸಿಗುತ್ತಾರೆ. "ಒಂದು ಸಲ ಸೇದಿದರೆ ಮುಗಿಯಿತು" ಅಂತ ನೀವು ಹೇಳುವ ಹೊತ್ತಿಗೆ, ಸೇದಿಯೂ ಆರಾಮಾಗಿರುವ ಗೆಳೆಯ ಅದೇ ಬೆಂಚಿನಲ್ಲಿ ಕೂತಿರುತ್ತಾನೆ. ಆಮೇಲೆ ನೀವು ಹೇಳುವ ನಿಜವನ್ನೂ ನಂಬುವವರಿಲ್ಲ.

ಇನ್ನು ಉಳಿದರ್ಧ. ಅಮಲು ತರುವುದು ಗಾಂಜಾದಲ್ಲಿರುವ ಟಿಎಚ್‌ಸಿ ಅನ್ನುವ ರಾಸಾಯನಿಕ. ಸೇದಿದರೆ ಕೆಲವೇ ನಿಮಿಷದಲ್ಲಿ ಏರಿ ಎರಡು ಮೂರು ಗಂಟೆ ಇರುತ್ತದೆ. ತಿಂದರೆ ಏರಲು ಅರ್ಧದಿಂದ ಎರಡು ಗಂಟೆ ಬೇಕು. "ಏನೂ ಆಗ್ಲಿಲ್ಲ" ಅಂತ ಇನ್ನೊಂದು ತಿನ್ನುವುದು ಆ ಕಾಯುವ ಹೊತ್ತಿನಲ್ಲೇ, ಆಸ್ಪತ್ರೆ ಸೇರುವುದೂ ಅದರಿಂದಲೇ. ಎದೆ ಬಡಿತ ನೂರಕ್ಕೆ 20ರಿಂದ 50ರಷ್ಟು ಹೆಚ್ಚುತ್ತದೆ. ದೂರದ ಅಂದಾಜು, ಬ್ರೇಕು ಹಿಡಿಯುವ ವೇಗ ಕುಗ್ಗುತ್ತವೆ. ಮಂಜು ಕವಿದ ಸಂಪಾಜೆ ಘಾಟಿಯಲ್ಲಿ ಬೈಕು ಓಡಿಸುವ ಹುಡುಗರಿಗೆ ಇಷ್ಟು ಹೇಳಿದರೆ ಸಾಕು, ವಿಡಿಯೊ ಬೇಡ.

ಚಟದ ಲೆಕ್ಕ: ಎಂದಾದರೂ ಸೇದಿದವರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಚಟ ಹತ್ತುತ್ತದೆ, ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಸುಮಾರು 17 ಮಂದಿಗೆ. ಬಿಟ್ಟಾಗ ಸಿಡುಕು, ನಿದ್ದೆ ಬಾರದಿರುವುದು, ಹಸಿವಿಲ್ಲದಿರುವುದು ಒಂದೆರಡು ದಿನದಲ್ಲಿ ಶುರುವಾಗಿ ಎರಡು ಮೂರು ವಾರ ಎಳೆಯುತ್ತವೆ. ನಮ್ಮಲ್ಲಿ ಹೆಚ್ಚಿನವರು ಇದನ್ನು ಬೀಡಿ, ಸಿಗರೇಟಿನ ಹೊಗೆಸೊಪ್ಪಿಗೆ ಬೆರೆಸಿ ಸೇದುವುದರಿಂದ ಜೊತೆಗೆ ನಿಕೋಟಿನ್ ಚಟವೂ ಬರುತ್ತದೆ. ಇದನ್ನು ಯಾವ ಪೋಸ್ಟರೂ ಹೇಳುವುದಿಲ್ಲ.

ಮನೋರೋಗದ ವಿಷಯದಲ್ಲಿ ಎಚ್ಚರದಿಂದ ಮಾತಾಡಿ. ಸ್ವೀಡನ್ ಸೇನೆಗೆ ಸೇರಿದ ಯುವಕರ ಮೇಲೆ 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐವತ್ತಕ್ಕಿಂತ ಹೆಚ್ಚು ಸಲ ಸೇದಿದ್ದವರಿಗೆ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ್ದು ಕೇಳಿಸುವುದು ಇರುವ ತೀವ್ರ ಮನೋರೋಗ) ಬಂದದ್ದು ಸೇದದವರಿಗಿಂತ ಆರು ಪಟ್ಟು. 2019ರ ಯುರೋಪಿನ ಅಧ್ಯಯನದಲ್ಲಿ ದಿನಾ ಸೇದುವವರಿಗೆ ಚಿತ್ತವಿಕಲತೆಯ (ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪುವ ಸ್ಥಿತಿ) ಅಪಾಯ ಸುಮಾರು ಮೂರು ಪಟ್ಟು, ಟಿಎಚ್‌ಸಿ ಶೇ 10 ಮತ್ತು ಅದಕ್ಕಿಂತ ಹೆಚ್ಚಿರುವ ಮಾಲಾದರೆ ಸುಮಾರು ಐದು ಪಟ್ಟು. ಆದರೆ ಸ್ಕಿಜೋಫ್ರೇನಿಯಾ ನೂರಕ್ಕೆ ಒಬ್ಬರಿಗೂ ಬರದ ಕಾಯಿಲೆ ಅನ್ನುವುದನ್ನು ಅದೇ ಉಸಿರಿನಲ್ಲಿ ಹೇಳಬೇಕು. ಹತ್ತಿರದ ಬಂಧುಗಳಲ್ಲಿ ಈ ಕಾಯಿಲೆ ಇರುವ ಮಗುವಿಗೆ ಮಾತ್ರ ಲೆಕ್ಕ ಬೇರೆ, ಅವರಿಗೆ "ನಿನಗೆ ಇದು ಬೇಡವೇ ಬೇಡ" ಅಂತ ನೇರವಾಗಿ ಹೇಳಿ. ಬುದ್ಧಿಮಟ್ಟ ಇಳಿಯುತ್ತದೆಯೇ ಅನ್ನುವುದು ಇನ್ನೂ ವಾದದಲ್ಲಿದೆ. ನ್ಯೂಜಿಲೆಂಡಿನ 2012ರ ಅಧ್ಯಯನ ಎಂಟು ಅಂಕದವರೆಗೆ ಇಳಿಕೆ ಕಂಡಿತು, ಆಮೇಲೆ ಅವಳಿಗಳ ಮೇಲೆ ನಡೆದ ಅಧ್ಯಯನ ಅದನ್ನು ಒಪ್ಪಲಿಲ್ಲ. ತರಗತಿಯಲ್ಲಿ ಆ ಅಂಕಿ ಬಳಸಬೇಡಿ.

ಹಾಸ್ಟೆಲ್ ವಾರ್ಡನ್, ಸೋಮವಾರಪೇಟೆ:

ಡಾಕ್ಟ್ರೇ, ಇದೆಲ್ಲ ಕಾನ್ಫರೆನ್ಸಿಗೆ ಸರಿ. ಹದಿನೈದರ ಹುಡುಗನಿಗೆ "ನೂರಕ್ಕೆ 9" ಅಂದರೆ ಅವನು ಕೇಳಿಸಿಕೊಳ್ಳುವುದು "91 ಮಂದಿಗೆ ಏನೂ ಆಗಲ್ಲ" ಅಂತ. ಹೆದರಿಕೆಯೂ ಬೇಕು, ಟಿಸಿಯೂ ಬೇಕು. ಒಬ್ಬ ತಂದರೆ ಇಡೀ ರೂಮು ಹಾಳು.

ಮನೋವೈದ್ಯ, ಮಡಿಕೇರಿ:

91ರ ಮಾತು ಒಪ್ಪಿದೆ. ಅದಕ್ಕೇ ಎಂಟು, ಒಂಬತ್ತನೇ ತರಗತಿಗೆ ಅಂಕಿ ಬೇಡ, ಪಿಯು ಮಕ್ಕಳಿಗೆ ಮಾತ್ರ. ಟಿಸಿಯ ಮಾತು ಒಪ್ಪಲಾರೆ. ಶಾಲೆ ಬಿಟ್ಟ ಹುಡುಗನಿಗೆ ಇಡೀ ದಿನ ಖಾಲಿ, ಕೇಳುವವರಿಲ್ಲ, ಜೊತೆಗೆ ಸಿಗುವವರು ಸೇದುವವರೇ. ಉಳಿದವರು ಕಲಿಯುವುದು ಅಡಗಿಸುವುದನ್ನು. ರೂಮಿನಲ್ಲಿ ಒಬ್ಬನಿಗೆ ಎಚ್ಚರ ತಪ್ಪಿದರೂ ನಿಮ್ಮನ್ನು ಕರೆಯುವುದಿಲ್ಲ.

ಕಿಟ್ ಬಗ್ಗೆ: ಪಟ್ಟಿಯ ಮೇಲೆ ಗೆರೆ ನೋಡುವ ಈ ಕಿಟ್‌ಗಳು ಸಾಮಾನ್ಯವಾಗಿ ಮೂತ್ರದಲ್ಲಿ ಗಾಂಜಾದ ಅಂಶ ಮಿಲಿಲೀಟರಿಗೆ 50 ನ್ಯಾನೊಗ್ರಾಂ ಮುಟ್ಟಿದರೆ ಪಾಸಿಟಿವ್ ತೋರಿಸುವಂಥವು. ಒಮ್ಮೆ ಸೇದಿದವನಲ್ಲಿ ಮೂರು ದಿನದ ಮಟ್ಟಿಗೆ, ದಿನಾ ಸೇದುವವನಲ್ಲಿ ಬಿಟ್ಟು ತಿಂಗಳಾದರೂ ಪಾಸಿಟಿವ್ ಬರಬಹುದು. ಅಂದರೆ ನಿಮ್ಮ ಮಾತು ಕೇಳಿ ಮೂರು ವಾರದಿಂದ ಬಿಟ್ಟಿರುವವನೇ ಸಿಕ್ಕಿಬೀಳುತ್ತಾನೆ. ಲ್ಯಾಬಿನ ದೃಢೀಕರಣ ಪರೀಕ್ಷೆ ಇಲ್ಲದೆ ಆ ಗೆರೆ ಪುರಾವೆಯಲ್ಲ. ಎಲ್ಲಕ್ಕಿಂತ ಮುಖ್ಯ, ವೈಟ್‌ನರ್, ಥಿನ್ನರ್, ಪಂಕ್ಚರ್ ಸಲ್ಯೂಷನ್ ಮೂಸಿದರೆ ಕಿಟ್‌ಗೆ ಗೊತ್ತೇ ಆಗುವುದಿಲ್ಲ. ಏಮ್ಸ್ 2019ರಲ್ಲಿ ಕೊಟ್ಟ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು ಕಂಡದ್ದು ಈ ಮೂಸುವ ಚಟ ಒಂದೇ: 10ರಿಂದ 17ರ ವಯಸ್ಸಿನಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಅದೇ ವಯಸ್ಸಿನಲ್ಲಿ ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿ ಶೇ 0.9. ಮೂಸುವುದರಲ್ಲಿ ಮೊದಲ ಸಲವೇ ಎದೆಬಡಿತ ನಿಂತು ಸಾಯುವುದುಂಟು. ವಾರ್ಡನ್ ಸಾಹೇಬ್ರೇ, ನಿಜವಾಗಿ ಹೆದರಿಸಬೇಕಾದ ಜಾಗ ಅದು.

ವಕೀಲ, ವಿರಾಜಪೇಟೆ:

ಕಾನೂನಿನ ಭಾಗ ನನ್ನದು. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಲೆಕ್ಕದಲ್ಲಿ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಇದನ್ನು ಓದಿಕೊಂಡು ಬಂದ ಹುಡುಗ "ಭಂಗಿ ಸೊಪ್ಪಿಗೆ ಕೇಸಿಲ್ಲ" ಅಂತ ವಾದಿಸುತ್ತಾನೆ. ಜೇಬಿನಲ್ಲಿರುವುದರಲ್ಲಿ ತುದಿ ಇದೆಯೋ ಇಲ್ಲವೋ ಅನ್ನುವುದು ತೀರ್ಮಾನವಾಗುವ ಹೊತ್ತಿಗೆ ಠಾಣೆ, ಕೋರ್ಟು ಎರಡೂ ನೋಡಿ ಆಗಿರುತ್ತದೆ.

ಒಂದು ಕಿಲೋವರೆಗೆ ಸಣ್ಣ ಪ್ರಮಾಣ: ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ. ನಡುವಿನದಕ್ಕೆ ಹತ್ತು ವರ್ಷದವರೆಗೆ. ತೋಟದ ಮೂಲೆಯಲ್ಲಿ ಗಿಡ ಬೆಳೆಸಿದರೂ ಹತ್ತು ವರ್ಷದವರೆಗೆ ಆಗಬಹುದು. ಸೇದಿದ್ದಕ್ಕೆ 27ನೇ ಕಲಂ, ಆರು ತಿಂಗಳವರೆಗೆ. ಇಷ್ಟನ್ನು ಎಲ್ಲ ಭಾಷಣಕಾರರೂ ಹೇಳುತ್ತಾರೆ. ಹೇಳದೇ ಬಿಡುವುದು 64ಎ ಕಲಂ: ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿ ಬಂದು ಸರ್ಕಾರದ ಅಥವಾ ಮಾನ್ಯತೆ ಪಡೆದ ಕಡೆ ಪೂರ್ತಿ ಚಿಕಿತ್ಸೆ ತೆಗೆದುಕೊಂಡರೆ ಆ ಮೊಕದ್ದಮೆಯಿಂದ ವಿನಾಯಿತಿ. ನಡುವೆ ಬಿಟ್ಟರೆ ವಿನಾಯಿತಿ ಹೋಗುತ್ತದೆ.

ಹದಿನೆಂಟರ ಒಳಗಿನವರು ಬಾಲ ನ್ಯಾಯ ಕಾಯ್ದೆಯಡಿ ಬರುತ್ತಾರೆ. ಮಗುವಿಗೆ ಮಾದಕ ವಸ್ತು ಕೊಟ್ಟ, ಮಗುವಿನ ಕೈಲಿ ಮಾರಿಸಿದ ದೊಡ್ಡವರಿಗೆ 77, 78ನೇ ಕಲಂಗಳಲ್ಲಿ ಏಳು ವರ್ಷದವರೆಗೆ ಜೈಲು. ಮಾಹಿತಿ ಕೊಡಲು ಮಾದಕ ವಸ್ತು ಸಹಾಯವಾಣಿ 1933ಕ್ಕೆ ಕರೆ ಮಾಡಬಹುದು.

ಕೆನಡಾದ ವಾದಕ್ಕೆ ಕೆನಡಾದ್ದೇ ಉತ್ತರ ಕೊಡಿ. 2018ರ ಅಕ್ಟೋಬರ್ 17ರಿಂದ ಅಲ್ಲಿ ಮಾರಾಟ ಕಾನೂನುಬದ್ಧ ಹೌದು, ಆದರೆ ಹೆಚ್ಚಿನ ಪ್ರಾಂತ್ಯಗಳಲ್ಲಿ 19 ತುಂಬಿರಬೇಕು, ಕ್ವಿಬೆಕ್‌ನಲ್ಲಿ 21. ಮಕ್ಕಳಿಗೆ ಮಾರಿದರೆ 14 ವರ್ಷದವರೆಗೆ ಜೈಲು, ನಮ್ಮ ಏಳರ ಎರಡರಷ್ಟು.

ಜೀವನ ಕೌಶಲ ತರಬೇತುದಾರ್ತಿ, ಕುಶಾಲನಗರ:

ವಾರ್ಡನ್ ಸರ್, ಹೆದರಿಕೆಯ ದಾರಿಯನ್ನು ಅಮೆರಿಕ ನಮಗಿಂತ ಮುಂಚೆ ನೋಡಿದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ 'ಡೇರ್' ಕಾರ್ಯಕ್ರಮದಲ್ಲಿ ಪೊಲೀಸರೇ ವಾರಕ್ಕೊಂದರಂತೆ 17 ಪಾಠ ಮಾಡುತ್ತಿದ್ದರು. ಮಕ್ಕಳಿಗೆ, ಪೋಷಕರಿಗೆ ತುಂಬಾ ಇಷ್ಟ. 1994ರಲ್ಲಿ ಎಂಟು ಮೌಲ್ಯಮಾಪನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾದಕ ವಸ್ತು ಬಳಕೆ ಕುಗ್ಗಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿಯ ಮಾನದಂಡಗಳೂ ಬರೀ ಭಾಷಣ, ಹೆದರಿಸುವ ಮಾಹಿತಿ, ಚಟ ಬಿಟ್ಟವರ ಸಾಕ್ಷ್ಯ, ಪೊಲೀಸರ ಪಾಠ ಇವನ್ನು ಫಲ ಕೊಡದವುಗಳ ಸಾಲಿಗೆ ಹಾಕಿವೆ. ನಮ್ಮ ಜೂನ್ 26ರ ಆಮಂತ್ರಣ ಪತ್ರಿಕೆ ಓದಿದ ಹಾಗಿದೆ, ಅಲ್ಲವೇ?

ಫಲ ಕಂಡದ್ದು ವಾರಕ್ಕೊಂದರಂತೆ 10ರಿಂದ 15 ಅವಧಿ, ಮುಂದಿನ ವರ್ಷ ಮತ್ತೆ ಕೆಲವು. ಅಷ್ಟು ಪೀರಿಯಡ್ ಸಿಗದಿದ್ದರೆ ಆರಕ್ಕೆ ಇಳಿಸಿ, ಒಂದಕ್ಕೆ ಇಳಿಸಬೇಡಿ. ಜೂನ್, ಜುಲೈ ನಂಬಬೇಡಿ, ಮಳೆ ರಜೆ ಮತ್ತು ಕರೆಂಟು ಎರಡೂ ಕೈಕೊಡುತ್ತವೆ. ಆಗಸ್ಟ್ ಕೊನೆಯಿಂದ ಶುರು ಮಾಡಿ, ಪ್ರೊಜೆಕ್ಟರ್ ಬೇಡ.

ಮೊದಲ ಅವಧಿಗೆ ಒಂದು ಮಾದರಿ. ಒಂದೇ ಬಣ್ಣದ ಚೀಟಿ, ಒಂದೇ ಬಣ್ಣದ ಪೆನ್ನು, ಹೆಸರು ಬೇಡ. ಎರಡು ಪ್ರಶ್ನೆ: "ನಿನ್ನ ತರಗತಿಯಲ್ಲಿ ನೂರಕ್ಕೆ ಎಷ್ಟು ಮಂದಿ ಗಾಂಜಾ ಸೇದಿರಬಹುದು?", "ನೀನು?" ಎರಡನೆಯದಕ್ಕೆ ಹೌದು, ಇಲ್ಲ ಎರಡನ್ನೂ ಅಚ್ಚು ಹಾಕಿ ಸುತ್ತು ಹಾಕಿಸಿ, ಕೈಬರಹ ಸಿಗಬಾರದು. ಚೀಟಿ ಎಣಿಸುವುದು ಬೇರೆ ಶಾಲೆಯವರಾಗಲಿ, ಎಣಿಸಿದ ಮೇಲೆ ಸುಡಲಿ. ಮಕ್ಕಳು ಸಾಮಾನ್ಯವಾಗಿ ಮೊದಲನೆಯದಕ್ಕೆ ದೊಡ್ಡ ಸಂಖ್ಯೆ ಬರೆಯುತ್ತಾರೆ. ಎರಡರ ನಡುವಿನ ಅಂತರ ಬೋರ್ಡಿನ ಮೇಲೆ ಬಿದ್ದಾಗ "ಎಲ್ಲರೂ ಮಾಡ್ತಾರೆ" ಅನ್ನುವ ಮಾತಿನ ಗಾಳಿ ಇಳಿಯುತ್ತದೆ. ಇಪ್ಪತ್ತಕ್ಕಿಂತ ಸಣ್ಣ ತರಗತಿಯಲ್ಲಿ ಇದನ್ನು ಮಾಡಬೇಡಿ, ಗುರುತು ಸಿಕ್ಕಿಬಿಡುತ್ತದೆ. ಅಂತರ ಕಾಣದಿದ್ದರೆ ಬೋರ್ಡಿಗೆ ಬರೆಯಬೇಡಿ, ಆಪ್ತಸಮಾಲೋಚಕರನ್ನು ಕರೆಸಿ.

ಎರಡನೆಯ ಅವಧಿಯಿಂದ "ಬೇಡ" ಅನ್ನುವ ಅಭ್ಯಾಸ. "ಬೇಡ" ಅನ್ನುವ ಒಂದೇ ಪದ ಕಲಿಸಿದರೆ ಉಪಯೋಗವಿಲ್ಲ. ಹೋಂಸ್ಟೇ ಹಿಂದೆ ನಾಲ್ಕು ಮಂದಿ, ಬೈಕಿನ ಕೀ ಅವರಲ್ಲಿ ಒಬ್ಬನ ಕೈಯಲ್ಲಿ, ಮನೆ ಎಂಟು ಕಿಲೋಮೀಟರ್, ಕೊನೆಯ ಬಸ್ಸು ಹೋಗಿದೆ. ಈಗ ಏನಂತೀಯ? ಇಂಥದ್ದನ್ನು ಇಬ್ಬಿಬ್ಬರು ಆಡಿ ತೋರಿಸಲಿ.

ಪೊನ್ನಂಪೇಟೆ ಮೇಷ್ಟ್ರು:

ವಿಡಿಯೊ, ಕಿಟ್ ಎರಡನ್ನೂ ಬಿಟ್ಟೆವು. ಟಿಸಿ ಬದಲು ಲಿಖಿತ ನಿಯಮ ಬರೆಯಬೇಕು. ಅಮಲಿನಲ್ಲೇ ತರಗತಿಗೆ ಬಂದರೆ ಆ ಕ್ಷಣ ಏನು ಮಾಡಬೇಕು?

ಮನೋವೈದ್ಯ, ಮಡಿಕೇರಿ:

ಎಲ್ಲರೆದುರು ವಿಚಾರಣೆ ಬೇಡ. ಗಾಳಿ ಬೆಳಕಿರುವ ಕೋಣೆಯಲ್ಲಿ ಕೂರಿಸಿ, ಒಬ್ಬರು ಜೊತೆಗಿರಿ, ನೀರು ಕೊಡಿ. ಸೇದಿದ್ದೋ, ತಿಂದದ್ದೋ, ಮೂಸಿದ್ದೋ, ಜೊತೆಗೆ ಕುಡಿದಿದ್ದಾನೋ ಇಷ್ಟೇ ಕೇಳಿ. ಗಾಬರಿಯಾದರೆ "ಕೆಲವು ಗಂಟೆಯಲ್ಲಿ ಇಳಿಯುತ್ತೆ" ಅಂತ ನಿಧಾನವಾಗಿ ಹೇಳುತ್ತಿರಿ. ಎದೆನೋವು, ಎಬ್ಬಿಸಲಾಗದ ಮಂಪರು, ನಿಲ್ಲದ ವಾಂತಿ, ಇಲ್ಲದ್ದು ಕಾಣುವುದು, ಫಿಟ್ಸ್ ಇವುಗಳಲ್ಲಿ ಒಂದಿದ್ದರೂ 108. ಮೂಸಿದ್ದರೆ ಓಡಿಸಬೇಡಿ, ಬೆನ್ನಟ್ಟಬೇಡಿ, ಎದೆಬಡಿತ ತಪ್ಪುವುದು ಆಗಲೇ.

ಅಮಲು ಇಳಿಯುವ ಮುಂಚೆ ಬುದ್ಧಿಮಾತು ವ್ಯರ್ಥ. ಅದೇ ದಿನ ಪೋಷಕರಿಗೆ ಫೋನು, ಮರುದಿನ ಹುಡುಗ, ಪೋಷಕರು, ನೀವು ಮೂವರೂ ಕೂತು ಮಾತು, ವಾರದೊಳಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ. ತೋಟದ ಕಾರ್ಮಿಕರ ಲೈನ್ ಮನೆಯ ಮಗುವಾದರೆ ಒಂದು ದಿನದ ಕೂಲಿ ಬಿಟ್ಟು ಮಡಿಕೇರಿಗೆ ಬರುವುದು ಕಷ್ಟ, ಮೊದಲ ಮಾತು ವ್ಯಸನಮುಕ್ತಿ ಸಹಾಯವಾಣಿ 14446ರಲ್ಲಿ ಆಗಲಿ, ಕರೆ ಉಚಿತ. ನಿಯಮದಲ್ಲಿ ಒಂದು ಸಾಲು ತಪ್ಪದೆ ಇರಲಿ: ಗೆಳೆಯನಿಗೆ ಹುಷಾರಿಲ್ಲ ಅಂತ ಬಂದು ಹೇಳಿದ ಹುಡುಗನ ಮೇಲೆ ಕ್ರಮ ಇಲ್ಲ.

ಹಾಸ್ಟೆಲ್ ವಾರ್ಡನ್, ಸೋಮವಾರಪೇಟೆ:

ಆ ಕೊನೆ ಸಾಲನ್ನು ನಮ್ಮ ನೋಟಿಸ್ ಬೋರ್ಡಿಗೂ ಹಾಕುತ್ತೇನೆ. ಟಿಸಿ ವಿಷಯದಲ್ಲಿ ನನ್ನ ಅಭಿಪ್ರಾಯ ಅದೇ, ತಂದು ಮಾರಿದವನಿಗೆ ಮಾತ್ರ ಅಂತ ತಿದ್ದಿಕೊಂಡಿದ್ದೇನೆ.