ಪುಷ್‌ಅಪ್‌ನಲ್ಲಿ ಕೈ ‘ಹಿಡಿಯು’ವುದೋ ‘ಊರು’ವುದೋ?

ಎಲ್ಲರಿಗೂ ನಮಸ್ಕಾರ.

ಚಿಕ್ಕಬಳ್ಳಾಪುರದಲ್ಲಿ ಪೊಲೀಸ್ ಕೆಲಸಕ್ಕೆ ತಯಾರಾಗುತ್ತಿರುವ ಹುಡುಗರಿಗೆ ಬೆಳಿಗ್ಗೆ ಕಸರತ್ತು ಹೇಳಿಕೊಡುತ್ತೇನೆ. ಅವರಿಗಾಗಿ ಗೋಡೆಗೆ ಅಂಟಿಸಲು ಒಂದು ಹಾಳೆ ಬರೆಯುತ್ತಾ ಪುಷ್‌ಅಪ್ ಹತ್ತಿರ ಬಂದು ನಿಂತುಬಿಟ್ಟೆ. ಕೈ ಎಲ್ಲಿಡಬೇಕು ಅನ್ನುವುದಕ್ಕೆ ನಾನು ನೋಡಿದ ಬರಹಗಳಲ್ಲಿ ‘ಅಗಲ ಹಿಡಿತ’, ‘ಕಿರಿದಾದ ಹಿಡಿತ’ ಅಂತ ಇದೆ. ಅಲ್ಲಿ ಹಿಡಿಯೋಕೆ ಏನಿದೆ? ಗದೆ ಹಿಡಿಯುತ್ತೇವೆ, ಬಾರ್ ಹಿಡಿದು ನೇತಾಡುತ್ತೇವೆ. ನೆಲಕ್ಕೆ ಕೈ ಊರುತ್ತೇವೆ, ಅಲ್ವಾ? ಮಂಡಿಯೂರು, ಊರುಗೋಲು ಎಲ್ಲ ಇರುವಾಗ ‘ಕೈಯೂರು’ ಯಾಕೆ ಬೇಡ?

ಮೊನ್ನೆ ಬಾಗೇಪಲ್ಲಿ ಕಡೆಯ ಹುಡುಗನಿಗೆ ‘ಹಿಡಿತ ಕಿರಿದು ಮಾಡಪ್ಪ’ ಅಂದೆ. ಪಾಪ, ಅವನು ಮುಷ್ಟಿ ಕಟ್ಟಿ ಬೆರಳಿನ ಗೆಣ್ಣುಗಳ ಮೇಲೆ ನಿಂತ! ‘ಹೆಬ್ಬೆರಳು ಜೋಡಿಸಿ ಕೈ ಊರು’ ಅಂದ ತಕ್ಷಣ ಸರಿಯಾಗಿ ಇಟ್ಟ.

ಕೈ ಒಂದು ಗೇಣು ಸರಿದರೂ ಕೆಲಸ ಬದಲಾಗುತ್ತದೆ, ಅದಕ್ಕೇ ಇಷ್ಟು ಕೇಳುತ್ತಿದ್ದೇನೆ. ಹತ್ತಿರ ಊರಿದರೆ ಮೊಣಕೈ ಜಾಸ್ತಿ ಮಡಚುತ್ತದೆ, ಮೇಲೇಳುವಾಗ ಅದನ್ನು ನೆಟ್ಟಗೆ ಮಾಡುವ ಭಾರ ರಟ್ಟೆಯ ಹಿಂಬದಿಗೆ ಬೀಳುತ್ತದೆ. ತುಂಬಾ ಅಗಲ ಊರಿದರೆ ಎದೆ ಇಳಿಯುವ ದೂರವೇ ಕಡಿಮೆ. ಮೊಣಕೈ ಪೂರ್ತಿ ಹೊರಕ್ಕೆ ಚಾಚಿಕೊಂಡರೆ ಹೆಗಲ ಕೀಲಿಗೂ ಎಳೆತ. ಅಗಲದ್ದನ್ನು ‘ಎದೆಯ ಪುಷ್‌ಅಪ್’ ಅಂತ ಹುಡುಗರು ಕರೆಯುತ್ತಾರೆ, ನಾನೂ ಹಾಗೇ ಬರೆಯಲು ಹೊರಟಿದ್ದೆ. ಆದರೆ 2005ರಲ್ಲಿ 40 ಜನರ ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆದು ನೋಡಿದಾಗ, ಕೈ ಹತ್ತಿರ ಊರಿದಾಗಲೇ ರಟ್ಟೆಯ ಜೊತೆಗೆ ಎದೆಯೂ ಹೆಚ್ಚು ದುಡಿದಿತ್ತು, ಅಗಲ ಊರಿದಾಗ ಅಷ್ಟಿಲ್ಲ. ಹಾಗಾಗಿ ಮೈಯ ಭಾಗದ ಹೆಸರು ಬೇಡ, ಕೈ ಇರುವ ಜಾಗದ ಹೆಸರೇ ಇರಲಿ ಅಂತ ನನ್ನ ಅನಿಸಿಕೆ.

‘ದಂಡ’ ಅನ್ನಬಹುದಲ್ಲ ಅಂತ ಕೇಳಬಹುದು. ಗರಡಿಯ ದಂಡ ಬೇರೆ. ಅದರಲ್ಲಿ ಸೊಂಟ ಮೇಲೆತ್ತಿ, ಎದೆ ನೆಲ ಸವರುವ ಹಾಗೆ ಮುಂದೆ ಜಾರಿ, ತಲೆ ಎತ್ತುತ್ತಾರೆ. ಪುಷ್‌ಅಪ್‌ನಲ್ಲಿ ಮೈ ಹಲಗೆಯ ಹಾಗೆ ನೆಟ್ಟಗಿರಬೇಕು. ನಾನಂತೂ ಪುಷ್‌ಅಪ್ ಅಂತಲೇ ಉಳಿಸಿಕೊಂಡಿದ್ದೇನೆ. (ನಾನು ‘ದಂಡ ಹೊಡಿ’ ಅಂದರೆ ಮನೆಯಲ್ಲಿ ತೆಲುಗು ಮಾತಾಡುವ ಹುಡುಗರು ‘ದಂಡ ತೆಗಿ’ ಅನ್ನುತ್ತಾರೆ. ತೆಲುಗಿನಲ್ಲಿ ದಂಡೀಲು, ಬಸ್ಕೀಲು ‘ತೀಯಡಂ’ ಅಲ್ವಾ, ಅಲ್ಲಿಂದ ಬಂದಿರಬೇಕು. ಕಿವಿಗೆ ಚೆನ್ನಾಗಿಯೇ ಇದೆ.)

ಸದ್ಯಕ್ಕೆ ಹಾಳೆಯಲ್ಲಿ ‘ಹೆಗಲಿಗೆ ನೇರ ಊರು’, ‘ಅಗಲಕ್ಕೆ ಊರು’, ‘ಜೋಡಿಸಿ ಊರು’ ಅಂತ ಬರೆದಿದ್ದೇನೆ. ಮೂರನೆಯದಕ್ಕೆ ಮೊದಲು ‘ಒತ್ತಾಗಿ’ ಅಂತ ಹಾಕಿದ್ದೆ, ಆದರೆ ಒತ್ತು ಅಂದರೆ ಅದುಮು ಅಂತಲೂ ಆಗುತ್ತದೆ, ಹುಡುಗರು ನೆಲ ಅದುಮಬೇಕು ಅಂದುಕೊಂಡಾರು. ತುಮಕೂರು, ಕೋಲಾರದ ಕಡೆ ಗರಡಿಯಲ್ಲಿ ಸಾಮು ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ಹೇಳಿ: ಕೈ ಹತ್ತಿರ, ದೂರ ಇಡುವುದಕ್ಕೆ ಅವರು ಏನನ್ನುತ್ತಿದ್ದರು?