ಲೇಹ್‌ನ ಚಳಿಗಾಲದಲ್ಲಿ ಐದು ತಿಂಗಳು ಬುಲೆಟ್ ಹೊರಗೇ ನಿಲ್ಲಿಸಬೇಕು, ಏನೇನು ಮಾಡಲಿ?

ಹಾಸನದ_ಹುಡುಗ (ನವೆಂಬರ್ 9)

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಮೂರು ವರ್ಷದಿಂದ ಲೇಹ್‌ನಲ್ಲಿ ಸೈಟ್ ಇಂಜಿನಿಯರ್. ಇಲ್ಲಿ ನವೆಂಬರ್ ಬಂತೆಂದರೆ ಕಾಂಕ್ರೀಟ್ ಕೆಲಸ ನಿಲ್ಲುತ್ತದೆ. ಹಾಕಿದ ಕಾಂಕ್ರೀಟ್ ಗಟ್ಟಿಯಾಗುವ ಮೊದಲೇ ಅದರಲ್ಲಿರುವ ನೀರು ಹೆಪ್ಪುಗಟ್ಟುತ್ತದೆ. ಹಾಗಾಗಿ ಇದೇ 24ಕ್ಕೆ ವಿಮಾನದಲ್ಲಿ ಊರಿಗೆ ಹೊರಡುತ್ತೇನೆ. ಮತ್ತೆ ಬರುವುದು ಏಪ್ರಿಲ್ ಮಧ್ಯಕ್ಕೆ.

ಚಿಂತೆ ಇರುವುದು ಗಾಡಿಯದು. 2016ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಕಾರ್ಬುರೇಟರ್ ಇರುವ ಮಾಡೆಲ್. ಅಪ್ಪ ಓಡಿಸಿದ ಗಾಡಿ. ಟ್ಯಾಂಕಿನ ಎರಡೂ ಪಕ್ಕ ಅವರ ಮೊಣಕಾಲು ಉಜ್ಜಿ ಬಣ್ಣ ಮಾಸಿದೆ. ಅವರು ಹೋದ ಮೇಲೆ ಅಮ್ಮ ಮಾರೋಣ ಅಂದರು, ನನಗೆ ಮನಸ್ಸಾಗಲಿಲ್ಲ. ಲಾರಿಗೆ ಹಾಕಿಸಿ ಇಲ್ಲಿಗೆ ತರಿಸಿಕೊಂಡೆ. ಎರಡು ಚಳಿಗಾಲ ಒಂದು ಗೋಡೌನಿನಲ್ಲಿ ಇಟ್ಟಿದ್ದೆ. ಈ ವರ್ಷ ಅಲ್ಲಿ ಜಾಗ ಇಲ್ಲ.

ನಾನು ಬಾಡಿಗೆಗಿರುವುದು ಲೇಹ್ ಪಕ್ಕದ ಚೋಗ್ಲಮ್ಸರ್‌ನಲ್ಲಿ. ಮನೆಯ ಅಂಗಳಕ್ಕೆ ಎರಡು ಕಡೆ ಮಣ್ಣಿನ ಇಟ್ಟಿಗೆ ಗೋಡೆ ಇದೆ, ಮೇಲೆ ಸೂರು ಇಲ್ಲ. ಜನವರಿ ರಾತ್ರಿ -15, -20 ಡಿಗ್ರಿ ಮಾಮೂಲು. ನನ್ನ ಯೋಚನೆ ಹೀಗಿದೆ: ಗಾಡಿಗೆ ಟಾರ್ಪಾಲ್ ಸುತ್ತಿ ಹಗ್ಗದಿಂದ ಬಿಗಿಯಾಗಿ ಕಟ್ಟುವುದು. ಮನೆ ಮಾಲೀಕರ ಮಗ ಪ್ರತಿ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಾನೆ. ಇದು ಸರಿಯಾ? ಬ್ಯಾಟರಿ ಏನು ಮಾಡಲಿ? ಟ್ಯಾಂಕ್ ತುಂಬಿಸಲಾ, ಖಾಲಿ ಮಾಡಲಾ? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ.

---

ಜಯನಗರ_ರೈಡರ್ (ನವೆಂಬರ್ 9)

ಬ್ರೋ, ಪ್ಲಾನ್ ಸರಿಯಾಗೇ ಇದೆ. ಲಾಕ್‌ಡೌನ್‌ನಲ್ಲಿ ನಾವೆಲ್ಲ ಹಾಗೇ ಮಾಡಿದ್ದು, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಇಳಿಯಲ್ಲ. ಟ್ಯಾಂಕ್ ಫುಲ್ ಮಾಡಿಸಿ. ಅಪ್ಪನ ಗಾಡಿ ಉಳಿಸಿಕೊಂಡಿದ್ದಕ್ಕೆ ಖುಷಿಯಾಯಿತು.

---

ಗೋಕಾಕದ_ಮೆಕ್ಯಾನಿಕ್ (ನವೆಂಬರ್ 10)

ತಮ್ಮಾ, ಆ ಭಾನುವಾರದ ಐದು ನಿಮಿಷ ಮಾತ್ರ ಬೇಡ. ಟಾರ್ಪಾಲ್ ಸುತ್ತುವುದೂ ಬೇಡ. ಎರಡನ್ನೂ ನಾನು ಮಾಡಿ ಅನುಭವಿಸಿದವನು, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ಸೈನ್ಯದ ಇಎಂಇಯಲ್ಲಿ ಇದ್ದವನು. ವಾಹನ ರಿಪೇರಿಯೇ ಕೆಲಸ. ಕಾರ್ಗಿಲ್‌ನಲ್ಲಿ ಎರಡು ಚಳಿಗಾಲ, ಲೇಹ್‌ನಲ್ಲಿ ಒಂದು ಚಳಿಗಾಲ ಕಳೆದಿದ್ದೇನೆ. ಅಲ್ಲಿ ಸ್ವಂತಕ್ಕೆ ಒಂದು ಹಳೇ ಬುಲೆಟ್ ಇಟ್ಟುಕೊಂಡಿದ್ದೆ. ಬ್ಯಾರಕ್ಕಿನ ಹಿಂದೆ ಟಾರ್ಪಾಲ್ ಸುತ್ತಿ ನಿಲ್ಲಿಸಿ, ವಾರ ತಪ್ಪದೆ ಸ್ಟಾರ್ಟ್ ಮಾಡುತ್ತಿದ್ದೆ. ಗಾಡಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂತಲೇ ತಿಳಿದಿದ್ದೆ. ಮಾರ್ಚ್‌ನಲ್ಲಿ ಆಯಿಲ್ ಇಳಿಸಿದರೆ ಕಪ್ಪಗೆ ಬರಬೇಕಾದ್ದು ಮಜ್ಜಿಗೆ ಬಣ್ಣದಲ್ಲಿ ಬಂತು. ಬೆರಳಿಗೆ ಹಚ್ಚಿ ಉಜ್ಜಿದರೆ ಜಿಡ್ಡೇ ಇಲ್ಲ, ನೊರೆ ನೊರೆ. ಸೈಲೆನ್ಸರ್ ಕೆಳಭಾಗ ಒತ್ತಿದರೆ ಹೆಬ್ಬೆರಳು ಒಳಗೆ ಹೋಯಿತು. ಒಳಗಿನಿಂದಲೇ ಕೊಳೆತಿತ್ತು.

ಯಾಕೆ ಹೀಗಾಗುತ್ತದೆ ಅಂದರೆ, ಪೆಟ್ರೋಲ್ ಉರಿದಾಗ ನೀರು ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು, ಆವಿಯ ರೂಪದಲ್ಲಿ. ಇಂಜಿನ್ ಕಾದಿದ್ದರೆ ಅದು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. -15ರಲ್ಲಿ ಐದು ನಿಮಿಷಕ್ಕೆ ಏನು ಕಾಯುತ್ತದೆ ಹೇಳು? ಹೆಡ್ ಸ್ವಲ್ಪ ಬೆಚ್ಚಗಾಗುತ್ತದೆ, ಆಯಿಲ್ ತಣ್ಣಗೇ ಇರುತ್ತದೆ, ಸೈಲೆನ್ಸರ್ ಅದಕ್ಕಿಂತ ತಣ್ಣಗೆ. ಆವಿ ಅಲ್ಲೇ ಹನಿಯಾಗಿ ಕೂರುತ್ತದೆ. ಮುಂದಿನ ವಾರ ಇನ್ನಷ್ಟು ಹನಿ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿದರೆ ಆ ನೀರು ಹೋಗುತ್ತದೆ. ನಿಂತಲ್ಲೇ ಓಡಿಸಿದರೆ ಹೋಗುವುದಿಲ್ಲ. ಬ್ಯಾಟರಿಯೂ ತುಂಬುವುದಿಲ್ಲ. ಸೆಲ್ಫ್ ಎಳೆದುಕೊಂಡದ್ದನ್ನು ಐದು ನಿಮಿಷದ ಐಡ್ಲಿಂಗ್ ವಾಪಸ್ ಕೊಡುವುದಿಲ್ಲ. ಜಯನಗರದ ತಮ್ಮ ಹೇಳಿದ್ದು ಬೆಂಗಳೂರಿನ ಹವೆಗೆ ಹೇಗೋ ನಡೆಯುತ್ತದೆ, ಲೇಹ್‌ಗೆ ನಡೆಯುವುದಿಲ್ಲ.

ಚಳಿ ಗಾಡಿಯನ್ನು ಕೊಲ್ಲುವುದಿಲ್ಲ, ತೇವ ಕೊಲ್ಲುತ್ತದೆ. ನಿನ್ನ ಅದೃಷ್ಟಕ್ಕೆ ಲೇಹ್ ಒಣ ಊರು. ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ 100 ಮಿಲಿಮೀಟರ್ ಆಸುಪಾಸು. ನಾವಾಗಿ ತೇವ ಕೂಡಿಹಾಕದಿದ್ದರೆ ಸಾಕು. ಟಾರ್ಪಾಲ್ ಬಿಗಿದರೆ ಅದನ್ನೇ ಮಾಡಿದ ಹಾಗೆ. ಹಗಲು ಬಿಸಿಲಿಗೆ ಒಳಗೆ ಕಾದು, ರಾತ್ರಿ ಬೆವರು ಇಳಿದು, ಅದು ಮಂಜಾಗುತ್ತದೆ.

ಈಗ ಮಾಡಬೇಕಾದ್ದು. ಹೊರಡುವ ಎರಡು ದಿನ ಮೊದಲು ಸಿಂಧೂ ನದಿ ಕಡೆ ಒಂದರ್ಧ ಗಂಟೆ ಓಡಿಸು. ಹೋಗುವಾಗಲೇ ಬಂಕಿನಲ್ಲಿ ಟ್ಯಾಂಕ್ ತುಂಬಿಸು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಇಲ್ಲ, ಒಳಗೆ ತುಕ್ಕು ಹಿಡಿಯುವುದಿಲ್ಲ. ಪೆಟ್ರೋಲ್ ಆ ಚಳಿಗೆ ಗಟ್ಟಿಯಾಗುತ್ತದೆ ಅಂತ ಹೆದರಬೇಡ, ಆಗುವುದಿಲ್ಲ. ಆ ಕಾಟ ಡೀಸೆಲ್‌ನದು. ನಮ್ಮ ಕಾಲದಲ್ಲಿ ಬೆಳಿಗ್ಗೆ ಲಾರಿ ಟ್ಯಾಂಕಿನ ಕೆಳಗೆ ಬೆಂಕಿ ಹಾಕುವವರನ್ನು ನೋಡಿದ್ದೇನೆ. 2019ರಲ್ಲಿ ಇಂಡಿಯನ್ ಆಯಿಲ್‌ನವರು -33 ಡಿಗ್ರಿವರೆಗೂ ತಡೆಯುವ ಚಳಿಗಾಲದ ಡೀಸೆಲ್ ಅನ್ನು ಲಡಾಖ್‌ಗೆ ಕೊಡಲು ಶುರುಮಾಡಿದ ಮೇಲೆ ಅದು ತಪ್ಪಿತು. ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆತಿದ್ದರೆ ಅದು ತೇವ ಎಳೆದುಕೊಳ್ಳುತ್ತದೆ. ಫ್ಯುಯೆಲ್ ಸ್ಟೆಬಿಲೈಸರ್ ಬಾಟಲಿ ಸಿಕ್ಕರೆ ಬಂಕಿನಲ್ಲೇ ಹಾಕಿ ಆಮೇಲೆ ಓಡಿಸು, ಕಾರ್ಬುರೇಟರ್‌ವರೆಗೂ ಇಳಿಯಲಿ.

ವಾಪಸ್ ಬಂದು, ಇಂಜಿನ್ ಬಿಸಿ ಇರುವಾಗಲೇ ಹಳೇ ಆಯಿಲ್ ಇಳಿಸಿ ಹೊಸದು ಹಾಕು. ಹೇಗೂ ಓಡಿಸುವುದಿಲ್ಲ, ಬಂದ ಮೇಲೆ ಹಾಕಿದರಾಯಿತು ಅನ್ನುತ್ತಾರೆ. ತಪ್ಪು. ಹಳೇ ಆಯಿಲ್‌ನಲ್ಲಿ ಆಮ್ಲ ಇರುತ್ತದೆ, ಐದು ತಿಂಗಳು ಬೇರಿಂಗ್ ಮೇಲೆ ಅದು ಕೂರಬಾರದು. ಆಮೇಲೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಟ್ಯಾಪ್ ಬಂದ್ ಮಾಡು. ಕಾರ್ಬುರೇಟರ್ ಬಟ್ಟಲಿನ ಕೆಳಗೆ ಡ್ರೈನ್ ಸ್ಕ್ರೂ ಇದೆ, ಸಡಿಲಿಸಿ ಪೂರ್ತಿ ಸೋರಲು ಬಿಡು. ಅಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ. ನಿನ್ನ ಇಂಜಿನ್‌ಗೆ ಎರಡು ಸ್ಪಾರ್ಕ್ ಪ್ಲಗ್. ಒಂದನ್ನು ಬಿಚ್ಚಿದರೆ ಸಾಕು. ಆ ತೂತಿನೊಳಗೆ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು, ಇಗ್ನಿಷನ್ ಆಫ್ ಇಟ್ಟು ನಾಲ್ಕೈದು ಸಲ ಮೆತ್ತಗೆ ಕಿಕ್ ಒತ್ತು. ಪ್ಲಗ್ ವಾಪಸ್ ಹಾಕಿದ ಮೇಲೆ ಕಿಕ್ ಬಿಗಿಯಾಗುವ ಜಾಗಕ್ಕೆ ತಂದು ನಿಲ್ಲಿಸು. ಅಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ.

ಬ್ಯಾಟರಿ ಬಿಚ್ಚಿ ಒಳಗೆ ಇಡಲೇಬೇಕು. ಮೊದಲು ಮೈನಸ್, ಆಮೇಲೆ ಪ್ಲಸ್. ಪೂರ್ತಿ ಚಾರ್ಜ್ ಆದ ಬ್ಯಾಟರಿ ಲೇಹ್‌ನ ಯಾವ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಚಾರ್ಜ್ ಇಳಿದದ್ದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ಹೋದರೆ ಸಾಕು, ಒಳಗಿನ ನೀರು ಗಟ್ಟಿಯಾಗಿ ಡಬ್ಬಿ ಉಬ್ಬುತ್ತದೆ. ಹಾಗೆ ಹೆಪ್ಪುಗಟ್ಟಿದ್ದನ್ನು ಯಾವತ್ತೂ ಚಾರ್ಜರ್‌ಗೆ ಹಾಕಬಾರದು, ಒಡೆಯುತ್ತದೆ. ಮಾಲೀಕರ ಮಗನಿಗೆ ಭಾನುವಾರದ ಕೆಲಸದ ಬದಲು ಇದನ್ನು ಕೊಡು: ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಲಿ. 12.4 ವೋಲ್ಟ್‌ಗಿಂತ ಇಳಿದಿದ್ದರೆ ಚಾರ್ಜ್‌ಗೆ ಹಾಕಲಿ. ಬುಖಾರಿ ಒಲೆಯ ಹತ್ತಿರ ಮಾತ್ರ ಇಡಬಾರದು.

ಮುಚ್ಚುವುದಕ್ಕೆ ಮೊದಲು ಒಂದು ಹಳೇ ಕಾಟನ್ ಬೆಡ್‌ಶೀಟ್, ಅದರ ಮೇಲೆ ಗಾಳಿಯಾಡುವ ಬೈಕ್ ಕವರ್. ಟಾರ್ಪಾಲ್ ಬೇಕೇ ಬೇಕೆಂದರೆ ಅದನ್ನು ಸೂರು ಮಾಡು. ಗೋಡೆಯಿಂದ ಪಾಪ್ಲರ್ ಮರದ ನಾಲ್ಕು ಉದ್ದ ಕೋಲು (ಗಳು) ಇಳಿಜಾರಾಗಿ ಕೊಟ್ಟು ಮೇಲೆ ಹೊದಿಸು, ಗಾಡಿಗೆ ತಾಗಬಾರದು. ಕವರನ್ನು ಚಕ್ರಕ್ಕೆ ಕಟ್ಟು. ಗಾಳಿಗೆ ಪಟಪಟ ಬಡಿದರೆ ಕವರೇ ಉಪ್ಪುಕಾಗದದ ಹಾಗೆ ಬಣ್ಣ ತಿನ್ನುತ್ತದೆ. ಅಪ್ಪನ ಮೊಣಕಾಲಿನ ಗುರುತು ಉಳಿಯಬೇಕಲ್ವಾ?

---

ಸುಮಾ_ಕ್ಯಾಲ್ಗರಿ (ನವೆಂಬರ್ 11)

ಗೋಕಾಕದ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಶಿರಸಿಯವಳು. ಕೆನಡಾದ ಕ್ಯಾಲ್ಗರಿಯಲ್ಲಿ ಅಪಾರ್ಟ್‌ಮೆಂಟಿನ ಬಯಲು ಪಾರ್ಕಿಂಗ್‌ನಲ್ಲಿ ನನ್ನ ಹೋಂಡಾ ಐದು ಚಳಿಗಾಲ ಕಳೆದಿದೆ. ಇಲ್ಲಿ -30ಕ್ಕೂ ಇಳಿಯುತ್ತದೆ. ಅದಕ್ಕಿಂತ ಕಷ್ಟ ಶಿನೂಕ್ ಅನ್ನುವ ಗಾಳಿ. ರಾಕೀಸ್ ಬೆಟ್ಟದಿಂದ ಇಳಿದು ಬರುತ್ತದೆ. ಬೆಳಿಗ್ಗೆ -15 ಇದ್ದದ್ದು ಸಂಜೆಗೆ +5 ಆಗುತ್ತದೆ. ಕಬ್ಬಿಣ ಇನ್ನೂ ತಣ್ಣಗಿರುತ್ತದೆ, ಗಾಳಿ ಬೆಚ್ಚಗಾಗಿರುತ್ತದೆ. ಆಗ ಇಡೀ ಗಾಡಿ ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬಿನ ಹಾಗೆ ಬೆವರುತ್ತದೆ. ನಿಮ್ಮ ಅಂಗಳದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಬಿಟ್ಟು, ನೆರಳಿನ ಗೋಡೆಯ ಪಕ್ಕ ನಿಲ್ಲಿಸಿ. ದಿನಾ ಕಾದು ದಿನಾ ಹೆಪ್ಪುಗಟ್ಟುವುದಕ್ಕಿಂತ ಒಂದೇ ಸಮನೆ ತಣ್ಣಗಿರುವುದು ಒಳ್ಳೆಯದು. ಆ ಎತ್ತರದ ಬಿಸಿಲಿನಿಂದ ಸೀಟು, ಟೈರೂ ಉಳಿಯುತ್ತವೆ.

ಇನ್ನೊಂದು ವಿಷಯ ಇಲಿ. ಮೂರನೇ ವರ್ಷ ಏರ್ ಫಿಲ್ಟರ್ ಡಬ್ಬಿ ತೆಗೆದರೆ ಒಳಗೆ ಪೂರ್ತಿ ಗೂಡು. ಸೀಟಿನ ಸ್ಪಂಜು, ಒಣ ಹುಲ್ಲು, ಯಾರದೋ ಉಣ್ಣೆ ಕೈಗವಸಿನ ಚೂರು. ವೈರು ಎರಡು ಕಡೆ ಕಡಿದಿತ್ತು. ಅಂದಿನಿಂದ ಸೈಲೆನ್ಸರ್ ಬಾಯಿಗೆ, ಏರ್ ಫಿಲ್ಟರ್ ಕೊಳವೆಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕುತ್ತೇನೆ. ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ ಮಾಡಿ. ಪ್ರತಿ ಉಂಡೆಗೂ ಒಂದು ಕೆಂಪು ದಾರ ಕಟ್ಟಿ ಹೊರಗೆ ಬಿಡಿ, ಅದೇ ದಾರದ ತುಂಡೊಂದನ್ನು ಕೀ ಗೊಂಚಲಿಗೂ ಕಟ್ಟಿ. ಏಪ್ರಿಲ್‌ನಲ್ಲಿ ಕೀ ಹಿಡಿದ ಕೂಡಲೇ ನೆನಪಾಗುತ್ತದೆ.

ನಿಮ್ಮದು ಗಾಳಿಯಿಂದ ತಣಿಯುವ ಇಂಜಿನ್, ಕೂಲಂಟ್ ಚಿಂತೆ ಇಲ್ಲ. ರೇಡಿಯೇಟರ್ ಇರುವ ಗಾಡಿಯವರು ಇದನ್ನು ಓದುತ್ತಿದ್ದರೆ ಒಂದು ಮಾತು: ಬೇಸಿಗೆಯಲ್ಲಿ ಬರೀ ನೀರು ಸುರಿದಿದ್ದರೆ ಈಗಲೇ ಬದಲಿಸಿ. ಕೂಲಂಟ್, ನೀರು ಸಮಸಮ ಇದ್ದರೆ -35ರವರೆಗೂ ತಡೆಯುತ್ತದೆ. ಬರೀ ನೀರು ಹೆಪ್ಪುಗಟ್ಟಿದರೆ ಇಂಜಿನ್ನೇ ಬಿರಿಯುತ್ತದೆ.

ಟೈರಿಗೆ ಗಾಳಿ ನಾಲ್ಕೈದು ಪಿಎಸ್‌ಐ ಜಾಸ್ತಿ ಹಾಕಿಸಿ. ಚಳಿಗೆ ಅಷ್ಟು ತಾನಾಗಿಯೇ ಇಳಿಯುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಕೆಳಗೆ ದಪ್ಪ ಹಲಗೆ ಇಡಿ. ಮಾರ್ಚ್‌ನಲ್ಲಿ ನೆಲ ಕರಗಿ ಮೆತ್ತಗಾದಾಗ ಗಾಡಿ ವಾಲಬಾರದು.

---

ಹಾಸನದ_ಹುಡುಗ (ನವೆಂಬರ್ 23)

ಅಣ್ಣ, ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲ್ಲ ಮುಗಿಸಿ ಈಗ ಕೈ ತೊಳೆದು ಕುಳಿತೆ. ಆಯಿಲ್ ಇಳಿಸುವಾಗ ಅದರ ಮಟ್ಟ ನೋಡುವ ಗಾಜಿನ ಒಳಗೆ ಮೇಲಂಚಿನಲ್ಲಿ ತೆಳುವಾಗಿ ಬಿಳಿ ಕೆನೆ ಕಟ್ಟಿತ್ತು. ಹದಿನೈದು ದಿನದಿಂದ ಆಫೀಸಿಗೆ ಎರಡು ಕಿಲೋಮೀಟರ್ ಮಾತ್ರ ಓಡಿಸುತ್ತಿದ್ದೆ. ಅಣ್ಣ ಹೇಳಿದ್ದು ಕಣ್ಣಾರೆ ಕಂಡಿತು.

ಬ್ಯಾಟರಿ 12.7 ತೋರಿಸುತ್ತಿದೆ. ಮನೆಯ ಅಮಾ-ಲೇ (ಇಲ್ಲಿ ತಾಯಿಯನ್ನು ಗೌರವದಿಂದ ಹೀಗೆ ಕರೆಯುತ್ತಾರೆ) ಅದನ್ನು ಉಗ್ರಾಣದಲ್ಲಿ, ಒಣಗಿಸಿದ ಏಪ್ರಿಕಾಟ್ ಡಬ್ಬಿಗಳ ಪಕ್ಕ, ಮರದ ಹಲಗೆ ಮೇಲೆ ಇಡಿಸಿದರು. ಬೆಡ್‌ಶೀಟ್ ಕೂಡ ಅವರೇ ಕೊಟ್ಟರು. ಗಳು ಕಟ್ಟಿ ಸೂರು ಮಾಡಿದೆ. ಬೀದಿ ಹಸುಗಳು ಅಂಗಳಕ್ಕೆ ನುಗ್ಗುತ್ತವೆ, ಇಲ್ಲಿ ರಟ್ಟಿನ ಡಬ್ಬಿಯನ್ನೂ ಬಿಡದೆ ತಿನ್ನುತ್ತವೆ. ಅದಕ್ಕೆ ಸುತ್ತ ಮುಳ್ಳು ಇಟ್ಟಿದ್ದೇನೆ. ಚೈನಿಗೆ, ಕ್ಲಚ್ ಕೇಬಲ್‌ಗೆ ಎಣ್ಣೆ ಬಿಟ್ಟೆ. ಕೀಗೆ ಕೆಂಪು ದಾರ ಕಟ್ಟಿದೆ.

---

ಹಾಸನದ_ಹುಡುಗ (ಏಪ್ರಿಲ್ 17)

ನಿನ್ನೆ ಬಂದೆ. ಸೂರಿನ ಒಂದು ಗಳು ಬಿದ್ದಿದೆ, ಗಾಡಿಗೆ ಏನೂ ಆಗಿಲ್ಲ. ಕ್ರೋಮ್ ಮೇಲೆ ತುಕ್ಕಿನ ಚುಕ್ಕಿ ಇಲ್ಲ. ಟ್ಯಾಂಕ್ ಮುಟ್ಟಿ ನೋಡಿದೆ, ಹೋಗುವಾಗ ಹೇಗಿತ್ತೋ ಹಾಗೇ ಇದೆ. ಬ್ಯಾಟರಿ 12.6, ಹುಡುಗ ಫೆಬ್ರವರಿಯಲ್ಲಿ ಒಮ್ಮೆ ಚಾರ್ಜ್ ಮಾಡಿದ್ದನಂತೆ. ಸ್ಟೀಲ್ ನಾರು ಎರಡೂ ತೆಗೆದೆ. ಆದರೆ ಒಂದು ತೊಂದರೆ ಇದೆ. ಕ್ಲಚ್ ಹಿಡಿದು ಮೊದಲನೇ ಗೇರಿನಲ್ಲಿ ತಳ್ಳಿದರೆ ಗಾಡಿ ಅಲ್ಲಾಡುವುದಿಲ್ಲ. ನ್ಯೂಟ್ರಲ್‌ನಲ್ಲಿ ಸರಿಯಾಗಿ ಉರುಳುತ್ತದೆ. ಇನ್ನೂ ಸ್ಟಾರ್ಟ್ ಮಾಡಿಲ್ಲ, ನೀವು ಹೇಳಿದ ಮೇಲೆ ಮಾಡುತ್ತೇನೆ.

---

ಗೋಕಾಕದ_ಮೆಕ್ಯಾನಿಕ್ (ಏಪ್ರಿಲ್ 17)

ಹೆದರಬೇಡ ತಮ್ಮಾ, ಕ್ಲಚ್ ಪ್ಲೇಟ್ ಒಂದಕ್ಕೊಂದು ಅಂಟಿವೆ. ತಿಂಗಳುಗಟ್ಟಲೆ ನಿಂತ ಬುಲೆಟ್‌ಗೆ ಮಾಮೂಲು. ಇಗ್ನಿಷನ್ ಆಫ್ ಇರಲಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ಹಿಡಿದು ಹತ್ತು ಹದಿನೈದು ಸಲ ಕಿಕ್ ಹೊಡೆ. ಯಾವುದೋ ಒಂದು ಏಟಿಗೆ ಕಿಕ್ ದಿಢೀರನೆ ಹಗುರಾಗುತ್ತದೆ, ಬಿಟ್ಟಿತು ಅಂತ ಕಾಲಿಗೇ ಗೊತ್ತಾಗುತ್ತದೆ. ಬಿಡದಿದ್ದರೆ ನ್ಯೂಟ್ರಲ್‌ನಲ್ಲೇ ಸ್ಟಾರ್ಟ್ ಮಾಡಿ ಆಯಿಲ್ ಚೆನ್ನಾಗಿ ಕಾಯುವವರೆಗೆ ಬಿಡು, ಆರಿಸಿ ಮತ್ತೆ ಇದನ್ನೇ ಮಾಡು. ಗೇರಿಗೆ ಹಾಕಿ ಸ್ಟಾರ್ಟ್ ಮಾಡಬೇಡ, ಗಾಡಿ ಜಿಗಿಯುತ್ತದೆ.

ಪೆಟ್ರೋಲ್ ಟ್ಯಾಪ್ ತೆರೆದು ಎರಡು ನಿಮಿಷ ಕಾಯುವುದು ಮರೆಯಬೇಡ, ಬಟ್ಟಲು ತುಂಬಬೇಕು. ಮೊದಲ ಸಲ ನೀಲಿ-ಬಿಳಿ ಹೊಗೆ ದಟ್ಟವಾಗಿ ಬರುತ್ತದೆ. ನೀನು ಚಮಚದಲ್ಲಿ ಬಿಟ್ಟ ಆಯಿಲ್ ಅದು, ಐದು ನಿಮಿಷಕ್ಕೆ ನಿಲ್ಲುತ್ತದೆ.