ಕಯೋಟಿ ಬೀಳೋ ಶಾಟ್: ಚಕ್ ಜೋನ್ಸ್ ಲೆಕ್ಕ ಎಲ್ಲಿ ತಪ್ತಿದೆ?

ಪ್ರಶ್ನೆ:
ಚಕ್ ಜೋನ್ಸ್ ನಿರ್ದೇಶಿಸಿದ ರೋಡ್ ರನ್ನರ್ ಕಾರ್ಟೂನಲ್ಲಿ ಕಯೋಟಿ (ತೋಳದಂಥ ಪ್ರಾಣಿ) ಬಂಡೆ ಅಂಚಿಂದ ಚಿಕ್ಕದಾಗ್ತಾ ಆಗ್ತಾ ಕೆಳಗೆ ಬೀಳುತ್ತಲ್ಲ, ಅದೇ ಶಾಟ್ ಅಭ್ಯಾಸಕ್ಕೆ ಮಾಡ್ತಿದ್ದೀನಿ. ಟೈಮ್‌ಲೈನ್ ಸೆಕೆಂಡಿಗೆ 30 ಫ್ರೇಮಿಂದು. ಜೋನ್ಸ್ ಲೆಕ್ಕದ ಹಾಗೇ ಬೀಳೋಕೆ 18 ಫ್ರೇಮ್, ಮಾಯವಾದ ಮೇಲೆ ಧೂಳು ಏಳೋವರೆಗೆ 14 ಕೊಟ್ಟಿದ್ದೀನಿ. ನಗು ಬರ್ತಿಲ್ಲ. ಅಂದ ಹಾಗೆ, ಜೋನ್ಸ್‌ಗೆ ಇಷ್ಟು ಕರಾರುವಾಕ್ಕಾದ ಲೆಕ್ಕ ಎಲ್ಲಿಂದ ಬಂತು?

ಉತ್ತರ 1:
18, 14 ಎರಡೂ ಸೆಕೆಂಡಿಗೆ 24 ಫ್ರೇಮಿನ ಫಿಲ್ಮ್ ಲೆಕ್ಕ. 30ರಲ್ಲಿ ಐದನೇ ಒಂದು ಭಾಗ ಬೇಗ ಮುಗಿದುಹೋಗುತ್ತೆ. ಪ್ರಾಜೆಕ್ಟನ್ನೇ 24ಕ್ಕೆ ಇಳಿಸಿ. 13 ಫ್ರೇಮಾದ್ರೂ ನಗು ಬರಲ್ಲ, 15 ಆದ್ರೂ ಬರಲ್ಲ ಅಂತ ಜೋನ್ಸೇ ಹೇಳಿದ್ದಾರೆ. ಆ 14 ಫ್ರೇಮಲ್ಲಿ ಕ್ಯಾಮೆರಾ, ಹಿನ್ನೆಲೆ ಯಾವುದೂ ಅಲ್ಲಾಡಬಾರದು. ಖಾಲಿ ಕಣಿವೆ ಅಷ್ಟೇ.

ಉತ್ತರ 2:
ಸ್ಕೇಲ್ ಕೀ (ಕಯೋಟಿ ಗಾತ್ರ ಬದಲಿಸೋ ಸೆಟ್ಟಿಂಗ್) ಲೀನಿಯರ್, ಅಂದ್ರೆ ಪ್ರತಿ ಫ್ರೇಮಿಗೂ ಒಂದೇ ಅಳತೆಯಷ್ಟು ಕುಗ್ಗೋ ಹಾಗೆ, ಬಿಟ್ಟಿದ್ದೀರಾ ನೋಡಿ. ಹಾಗಿದ್ರೆ ಮೊದಲು ನಿಧಾನ ಅನ್ನಿಸಿ, ಕೊನೆಗೆ ತಟ್ಟನೆ ಮಾಯವಾಗುತ್ತೆ. ಮೇಲಿಂದ ನೋಡೋವಾಗ ಕಾಣಬೇಕಾದ್ದು ಇದಕ್ಕೆ ತದ್ವಿರುದ್ಧ. ಪ್ರತಿ ಫ್ರೇಮನ್ನೂ ಹಿಂದಿನದರ 80% ಮಾಡಿ: 3ನೇ ಫ್ರೇಮಿಗೆ ಅರ್ಧ, 18ನೇದಕ್ಕೆ 2%ಗಿಂತ ಕಮ್ಮಿ. ಇಲ್ಲಿ ಒಂದೊಂದು ಫ್ರೇಮಿಗೂ ಬೇರೆ ಚಿತ್ರ ಬೇಕು. ಎರಡು ಫ್ರೇಮಿಗೊಂದು ಚಿತ್ರ ಹಾಕಿದ್ರೆ ಮೆಟ್ಟಿಲಿಳಿದ ಹಾಗೆ ಕಾಣುತ್ತೆ.

ಉತ್ತರ 3:
ಲೆಕ್ಕದ ಮೂಲ ಸ್ಟುಡಿಯೋ ಪದ್ಧತಿಯಲ್ಲೇ ಇದೆ. ಜೋನ್ಸ್ ಶುರು ಮಾಡಿದ್ದು ಅಬ್ ಐವರ್ಕ್ಸ್ ಸ್ಟುಡಿಯೋದಲ್ಲಿ, ಬಳಸಿದ ಸೆಲ್‌ಗಳ (ಚಿತ್ರ ಬರೆಯೋ ಪಾರದರ್ಶಕ ಹಾಳೆಗಳ) ಬಣ್ಣ ತೊಳೆಯೋ ಕೆಲಸದಿಂದ. 1933ರಲ್ಲಿ ವಾರ್ನರ್‌ಗೆ ಕಾರ್ಟೂನ್ ಮಾಡಿಕೊಡ್ತಿದ್ದ ಲಿಯಾನ್ ಶ್ಲೆಸಿಂಗರ್ ಸ್ಟುಡಿಯೋ, 1938ಕ್ಕೆ ನಿರ್ದೇಶನ. ಒಂದು ಕಾರ್ಟೂನಿಗೆ ಸುಮಾರು ಆರು ನಿಮಿಷ. 35 ಎಂಎಂ ಫಿಲ್ಮಲ್ಲಿ ಅಡಿಗೆ 16 ಫ್ರೇಮ್, ನಿಮಿಷಕ್ಕೆ 90 ಅಡಿ, ಅಂದ್ರೆ 540 ಅಡಿ. ಬರೆದದ್ದನ್ನ ಕತ್ತರಿಸಿ ಬಿಸಾಡೋಕೆ ದುಡ್ಡಿರಲಿಲ್ಲ. ಹಾಗಾಗಿ ಪೆನ್ಸಿಲ್ ಕಾಗದಕ್ಕೆ ತಾಗೋ ಮೊದಲೇ ನಿರ್ದೇಶಕ ಎಕ್ಸ್‌ಪೋಷರ್ ಶೀಟಿನಲ್ಲಿ (ಯಾವ ಫ್ರೇಮಿಗೆ ಯಾವ ಚಿತ್ರ ಅನ್ನೋ ಪಟ್ಟಿಯಲ್ಲಿ) ಫ್ರೇಮ್ ಫ್ರೇಮ್ ಬರೆದಿಡಬೇಕಿತ್ತು. ಎಡಿಟಿಂಗ್ ನಡೀತಿದ್ದದ್ದು ಆ ಶೀಟಿನ ಮೇಲೇ.

ರೋಡ್ ರನ್ನರ್ ಬಂದದ್ದು 1949ರಲ್ಲಿ, ಕಥೆ ಮೈಕೆಲ್ ಮಾಲ್ಟೀಸ್ ಅವರದು. ಜೋನ್ಸ್ ಅವರ 1957ರ ಕಾರ್ಟೂನ್ ‘ವಾಟ್ಸ್ ಆಪೆರಾ, ಡಾಕ್?’ ಹೆಚ್ಚು ಸಮಯ ಬೇಡ್ತು. ಆ ಹೆಚ್ಚಿನ ಸಮಯವನ್ನ ರೋಡ್ ರನ್ನರ್ ಕೆಲಸದ ಹೆಸರಲ್ಲಿ ಬರೆಸಿ ಹೊಂದಿಸಿದ್ರು. (ಕಯೋಟಿಗೆ ಅಲ್ಲೂ ನಷ್ಟ.) 1963ರಿಂದ ಎಂಜಿಎಂ ಸ್ಟುಡಿಯೋಗೆ ಮಾಡಿದ ಟಾಮ್ ಅಂಡ್ ಜೆರ್ರಿ 34 ಇವೆ. ಚಿತ್ರ ಸೊಗಸಾಗಿದೆ, ಆದ್ರೆ ಟೈಮಿಂಗ್ ಕಲಿಯೋಕೆ ಐವತ್ತರ ದಶಕದವೇ ವಾಸಿ.

ಉತ್ತರ 4:
ಸೌಂಡೂ ನೋಡಿಕೊಳ್ಳಿ. ಸಿಳ್ಳೆ ಬಳಸಿದ್ರೆ 18ನೇ ಫ್ರೇಮಿಗೆ ನಿಲ್ಲಬೇಕು. ಮುಂದಿನ 14ರೊಳಗೆ ಅದರ ಪ್ರತಿಧ್ವನಿ ಎಳೆದುಕೊಂಡು ಬಂದ್ರೆ ಕಾಯೋ ಮಜಾನೇ ಹೋಯ್ತು. ‘ಧಪ್’ ಮತ್ತು ಧೂಳಿನ ಮೊದಲ ಚಿತ್ರ ಒಂದೇ ಫ್ರೇಮಲ್ಲಿ ಬರಲಿ.